ಹೆಂಗಸರ ರಗ್ಬಿ ಇಷ್ಟು ಬೆಳೆದಿದ್ದು ಮಂಡಳಿಗಳ ದುಡ್ಡಿನಿಂದಲೋ, ಆಡಿದವರ ಹಟದಿಂದಲೋ?

ಮಳೆಬಿಲ್ಲು_ಶಿರಸಿ
ಇದು ನಮ್ಮ ಗೆಳೆಯರ ಗುಂಪಿನಲ್ಲಿ ಶುರುವಾದ ಜಗಳ. ಅಲ್ಲಿ ಮುಗಿಯಲಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

2025ರ ಸೆಪ್ಟೆಂಬರ್ 27ರಂದು ಲಂಡನ್ನಿನ ಟ್ವಿಕೆನ್‌ಹ್ಯಾಮ್‌ನಲ್ಲಿ ಮಹಿಳಾ ರಗ್ಬಿ ವಿಶ್ವಕಪ್ ಫೈನಲ್ ಆಯಿತಲ್ಲ, ಅದನ್ನು ನೋಡಲು ಬಂದವರು 81,885 ಜನ. ಹೆಂಗಸರ ರಗ್ಬಿಗೆ ಹಿಂದೆಂದೂ ಅಷ್ಟು ಜನ ಸೇರಿರಲಿಲ್ಲ. ಇಂಗ್ಲೆಂಡ್ 33-13ರಿಂದ ಕೆನಡಾವನ್ನು ಸೋಲಿಸಿತು. ಇಡೀ ಟೂರ್ನಿಯಲ್ಲಿ ಖರ್ಚಾದ ಟಿಕೆಟ್ 4.4 ಲಕ್ಷಕ್ಕೂ ಜಾಸ್ತಿ.

ಒಬ್ಬ ಗೆಳೆಯನ ಪ್ರಕಾರ ಇದೆಲ್ಲ ಕಳೆದ ಆರೇಳು ವರ್ಷದಲ್ಲಿ ಮಂಡಳಿಗಳು ದುಡ್ಡು ಸುರಿದಿದ್ದರ ಫಲ. ಅದಕ್ಕೂ ಮುಂಚೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲವಂತೆ. ನನಗೆ ಇದು ಒಪ್ಪಿಗೆಯಾಗಲಿಲ್ಲ. ದುಡ್ಡು ಸುರಿಯುವುದಕ್ಕಾದರೂ ಅಲ್ಲಿ ಏನೋ ಒಂದು ಬೆಳೆದು ನಿಂತಿರಬೇಕಲ್ವಾ? ಅದನ್ನು ಬೆಳೆಸಿದವರು ಯಾರು? ಹಳೆಯ ಕಥೆ ಗೊತ್ತಿರುವವರು, ಈ ಪಂದ್ಯಗಳನ್ನು ಕಣ್ಣಾರೆ ನೋಡಿದವರು ದಯವಿಟ್ಟು ಬರೆಯಿರಿ.

ಟೈನ್_ದಂಡೆ
ನಾನು ಸಂಡರ್‌ಲ್ಯಾಂಡ್‌ನಲ್ಲಿ ಮೊದಲ ಪಂದ್ಯ ನೋಡಿದೆ, ಮಗಳ ಜೊತೆ. ಇಂಗ್ಲೆಂಡ್ 69, ಅಮೆರಿಕ 7. ಅವತ್ತು ಬಂದಿದ್ದವರು 42,723 ಜನ. ಸಂಡರ್‌ಲ್ಯಾಂಡ್ ಫುಟ್‌ಬಾಲ್ ಊರು, ರಗ್ಬಿ ಊರಲ್ಲ, ಅದನ್ನು ನೆನಪಿಟ್ಟುಕೊಳ್ಳಿ. ನನಗೆ ಇಷ್ಟವಾಗಿದ್ದು ಏನಂದ್ರೆ, ಸುತ್ತಮುತ್ತ ಕೂತಿದ್ದ ಹುಡುಗಿಯರಲ್ಲಿ ತುಂಬಾ ಜನ ಇಂಗ್ಲೆಂಡ್ ಜೆರ್ಸಿ ಹಾಕಿರಲಿಲ್ಲ, ತಮ್ಮ ತಮ್ಮ ಊರಿನ ಕ್ಲಬ್ಬಿನ ಜೆರ್ಸಿ ಹಾಕಿದ್ದರು. ಅಂದ್ರೆ ಅವರು ಬರೀ ನೋಡುವವರಲ್ಲ, ಶನಿವಾರ ಭಾನುವಾರ ಆಡುವವರು.

ಲೆಕ್ಕದ_ಮನುಷ್ಯ
ನಿಮ್ಮ ಗೆಳೆಯ ಹೇಳಿದ್ದು ಸರಿ ಅಂತ ನನ್ನ ಅಭಿಪ್ರಾಯ. ಲೆಕ್ಕ ನೋಡಿ. 2019ರ ಜನವರಿಯಲ್ಲಿ ಇಂಗ್ಲೆಂಡ್ ಮಂಡಳಿ 28 ಆಟಗಾರ್ತಿಯರಿಗೆ ಪೂರ್ಣಾವಧಿ ಸಂಬಳದ ಒಪ್ಪಂದ ಕೊಟ್ಟಿತು. ಆಮೇಲೆ ಆ ತಂಡ ಸತತ 30 ಪಂದ್ಯ ಗೆದ್ದಿತು. 2022ರ ವಿಶ್ವಕಪ್ ಫೈನಲ್ ಒಂದನ್ನು ಸೋತಿತು. ಅಲ್ಲಿಂದ ಮತ್ತೆ ಸತತ 33 ಗೆಲುವು, 33ನೆಯದೇ ಈ ಫೈನಲ್. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಿ ಸಂಜೆ ದಣಿದು ಬಂದು ಅಭ್ಯಾಸ ಮಾಡುವವರಿಗೂ, ಅದೇ ಕೆಲಸ ಅಂತ ಇರುವವರಿಗೂ ಇರುವ ವ್ಯತ್ಯಾಸ ಇದು. ಹಟ ಎಲ್ಲರಿಗೂ ಇರುತ್ತದೆ. ಸಂಬಳ ಎಲ್ಲರಿಗೂ ಇರುವುದಿಲ್ಲ.

ಆಕ್ಲೆಂಡ್_ಅಣ್ಣ
@ಲೆಕ್ಕದ_ಮನುಷ್ಯ ಸರ್, ಹಾಗಾದ್ರೆ ನ್ಯೂಜಿಲೆಂಡ್ ಲೆಕ್ಕವನ್ನೂ ನೋಡಿ. ಅಲ್ಲಿನ ಹೆಂಗಸರ ತಂಡ ಬ್ಲ್ಯಾಕ್ ಫರ್ನ್ಸ್ ವಿಶ್ವಕಪ್ ಗೆದ್ದಿದ್ದು 1998, 2002, 2006, 2010, 2017. ಅವರಿಗೆ ಮಂಡಳಿಯಿಂದ ಮೊದಲ ಒಪ್ಪಂದ ಸಿಕ್ಕಿದ್ದು 2018ರಲ್ಲಿ. ಐದು ಕಪ್ ಗೆದ್ದ ಮೇಲೆ! ಫರಾ ಪಾಮರ್ ನಾಯಕಿಯಾಗಿ ಮೂರು ವಿಶ್ವಕಪ್ ಗೆದ್ದರು, ಜೊತೆಗೆ ವಿಶ್ವವಿದ್ಯಾಲಯದಲ್ಲಿ ಓದಿ ಡಾಕ್ಟರೇಟ್ ಮಾಡಿ ಪಾಠ ಹೇಳಿದರು. ಇಲ್ಲಿ ದುಡ್ಡು ಮೊದಲೋ ಗೆಲುವು ಮೊದಲೋ ನೀವೇ ಹೇಳಿ.

ಹುಬ್ಬಳ್ಳಿ_ಮಂದಿ
ಅಣ್ಣಾರು ಹೇಳಿದ್ದು ಭಾಳ ಛಲೋ ಪಾಯಿಂಟ್.

ಲೆಕ್ಕದ_ಮನುಷ್ಯ
@ಆಕ್ಲೆಂಡ್_ಅಣ್ಣ ಅದು ಯಾರೂ ಸಂಬಳ ಪಡೆಯದ ಕಾಲ. ಎಲ್ಲರೂ ಬರಿಗೈಯಲ್ಲಿ ಆಡಿದಾಗ ಹಳ್ಳಿಹಳ್ಳಿಯಲ್ಲೂ ರಗ್ಬಿ ಇರುವ ದೇಶ ಗೆಲ್ಲುವುದು ಸಹಜ. ಒಬ್ಬರಿಗೆ ಸಂಬಳ ಬಂದ ತಕ್ಷಣ ಏನಾಯಿತು? 2021ರ ಕೊನೆಗೆ ಬ್ಲ್ಯಾಕ್ ಫರ್ನ್ಸ್ ಯುರೋಪಿಗೆ ಹೋಗಿದ್ದರು. ಇಂಗ್ಲೆಂಡ್ ಎದುರು 43-12, 56-15 ಸೋಲು. ಫ್ರಾನ್ಸ್ ಎದುರೂ ಎರಡು ಸೋಲು.

ಆಕ್ಲೆಂಡ್_ಅಣ್ಣ
ಹೌದು, ಆಮೇಲೆ ಒಂದೇ ವರ್ಷಕ್ಕೆ ಅದೇ ಇಂಗ್ಲೆಂಡನ್ನು 2022ರ ವಿಶ್ವಕಪ್ ಫೈನಲ್‌ನಲ್ಲಿ, ಇಲ್ಲಿನ ಈಡನ್ ಪಾರ್ಕಿನಲ್ಲಿ ಸೋಲಿಸಿದರು, 34-31. ನಾನು ಅಲ್ಲಿದ್ದೆ ಸರ್. 42,579 ಜನ, ಆ ಹೊತ್ತಿಗೆ ಅದು ವಿಶ್ವದಾಖಲೆ. ಮುಂಚೆ ಇಲ್ಲಿ ಗಂಡಸರ ಪಂದ್ಯದ ಹಿಂದೋ ಮುಂದೋ ಹೆಂಗಸರ ಪಂದ್ಯ ಇಡುತ್ತಿದ್ದರು, ಅರ್ಧ ಖಾಲಿ ಕುರ್ಚಿಗಳ ಎದುರು ಆಡುತ್ತಿದ್ದರು. ಅವತ್ತು ಅವರಿಗಾಗಿಯೇ ಊರು ಬಂದಿತ್ತು.

18ನೇ ನಿಮಿಷಕ್ಕೆ ಇಂಗ್ಲೆಂಡಿನ ಲಿಡಿಯಾ ಥಾಂಪ್ಸನ್‌ಗೆ ರೆಡ್ ಕಾರ್ಡ್. ಅಲ್ಲಿಂದ ಗಂಟೆಗೂ ಜಾಸ್ತಿ ಹೊತ್ತು 14 ಜನರೇ ಆಡಿದರು, ಆದರೂ ಪಂದ್ಯ ಕೈಬಿಡಲಿಲ್ಲ. ಕೊನೆಯಲ್ಲಿ ಇಂಗ್ಲೆಂಡಿಗೆ ಪೆನಾಲ್ಟಿ ಸಿಕ್ಕಿತು, ಚೆಂಡನ್ನು ಮೂಲೆಗೆ ಒದ್ದರು, ಟ್ರೈ ಗೆರೆಯಿಂದ (ಚೆಂಡನ್ನು ಅದರಾಚೆ ನೆಲಕ್ಕೆ ಮುಟ್ಟಿಸಿದರೆ ಟ್ರೈ) ಕೆಲವೇ ಮೀಟರ್ ದೂರದಲ್ಲಿ ಲೈನ್‌ಔಟ್, ಅಂದ್ರೆ ಹೊರಗಿನಿಂದ ಎಸೆದ ಚೆಂಡಿಗೆ ಎರಡೂ ತಂಡದವರು ಸಾಲಾಗಿ ನಿಂತು ಹಾರುವುದು. ಇಂಗ್ಲೆಂಡಿನ ಆ ಲೈನ್‌ಔಟ್ ಎಂದರೆ ಟ್ರೈ ಖಾತ್ರಿ ಅಂತ ಎಲ್ಲರಿಗೂ ಗೊತ್ತು. ಜೋನಾ ನ್ಗಾನ್-ವೂ ಮೇಲಕ್ಕೆ ಹಾರಿ ಆ ಚೆಂಡನ್ನು ಕೆಡವಿಬಿಟ್ಟರು. ಮುಗಿಯಿತು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಇಂಗ್ಲೆಂಡ್ ಆ ರಾತ್ರಿ ಸೋತಿದ್ದರೂ ಅವರ ಆಟವನ್ನು ನಾನು ಮೆಚ್ಚುತ್ತೇನೆ. ಒಬ್ಬರು ಕಮ್ಮಿ ಇದ್ದು ಮೂರೇ ಪಾಯಿಂಟ್ ಅಂತರ.

ಬಸವನಗುಡಿ_ಬೆಳಗು
ಅದೇ ವಿಶ್ವಕಪ್ ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡ್ ಫ್ರಾನ್ಸ್ ವಿರುದ್ಧ 25-24ರಿಂದ ಪಾರಾಗಿದ್ದು. ಕೊನೆ ಗಳಿಗೆಯ ಫ್ರೆಂಚ್ ಪೆನಾಲ್ಟಿ ಒಂದು ಒಳಗೆ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಫ್ರಾನ್ಸ್ ಪಾಪ, ಅಷ್ಟು ಒಳ್ಳೆಯ ತಂಡ, ಇವತ್ತಿನವರೆಗೂ ಒಂದು ಫೈನಲ್ ಕೂಡ ಆಡಿಲ್ಲ.

ಹಳೇ_ಪೇಪರ್
ನೀವೆಲ್ಲ ಹೆಂಗಸರ ಮೊದಲ ವಿಶ್ವಕಪ್ ನಡೆದ 1991ರಿಂದ ಈಚೆಗೇ ನಿಂತಿದ್ದೀರಿ. ಸ್ವಲ್ಪ ಹಿಂದೆ ಹೋಗೋಣ, ಮೂಲ ಪ್ರಶ್ನೆಗೆ ಉತ್ತರ ಅಲ್ಲಿದೆ.

1887ರ ಸುಮಾರಿಗೆ ಐರ್ಲೆಂಡಿನ ಎನಿಸ್ಕಿಲೆನ್ ಊರಿನ ಪೋರ್ಟೋರಾ ಶಾಲೆಯಲ್ಲಿ ಎಮಿಲಿ ವ್ಯಾಲೆಂಟೈನ್ ಅನ್ನುವ ಹುಡುಗಿ ಅಣ್ಣಂದಿರ ತಂಡಕ್ಕೆ ಒಬ್ಬರು ಕಮ್ಮಿ ಬಿದ್ದಾಗ ಒಳಗಿಳಿದು ಟ್ರೈ ಹೊಡೆದಳು. ಮುಂದೆ ಅದನ್ನು ತಾನೇ ಬರೆದಿಟ್ಟಳು, ಅದಕ್ಕೇ ನಮಗೆ ಗೊತ್ತಾಗಿದ್ದು. ಬರೆಯದೇ ಇದ್ದವರು ಇನ್ನೆಷ್ಟು ಜನವೋ.

1891ರಲ್ಲಿ ನ್ಯೂಜಿಲೆಂಡಿನಲ್ಲಿ ನೀಟಾ ವೆಬ್ ಅನ್ನುವವರು ಹೆಂಗಸರ ತಂಡ ಕಟ್ಟಿ ಊರೂರು ಸುತ್ತಿ ಪಂದ್ಯ ಆಡಿಸುವ ಯೋಜನೆ ಹಾಕಿದರು. ಪತ್ರಿಕೆಗಳಲ್ಲಿ ದೊಡ್ಡ ಗಲಾಟೆ. ಹೆಣ್ಣುಮಕ್ಕಳು ರಗ್ಬಿ ಆಡುವುದು ಮರ್ಯಾದೆಯಲ್ಲ ಅಂತ ಬೈದು ಬರೆದರು. ಪ್ರವಾಸ ಶುರುವಾಗುವ ಮುಂಚೆಯೇ ನಿಂತಿತು.

ಆಮೇಲೆ ಮೊದಲ ಮಹಾಯುದ್ಧ. ಗಂಡಸರು ಯುದ್ಧಕ್ಕೆ ಹೋದರು, ಹೆಂಗಸರು ಕಾರ್ಖಾನೆಗೆ ಬಂದರು. 1917ರ ಡಿಸೆಂಬರ್ 15ರಂದು ವೇಲ್ಸ್‌ನ ಕಾರ್ಡಿಫ್ ಆರ್ಮ್ಸ್ ಪಾರ್ಕಿನಲ್ಲಿ ಕಾರ್ಡಿಫ್ ಹೆಂಗಸರ ತಂಡಕ್ಕೂ ನ್ಯೂಪೋರ್ಟ್ ಹೆಂಗಸರ ತಂಡಕ್ಕೂ ಪಂದ್ಯ ನಡೆಯಿತು, ನ್ಯೂಪೋರ್ಟ್ 6-0. ಕಾರ್ಡಿಫ್ ಪರ ಫುಲ್‌ಬ್ಯಾಕ್ ಆಡಿದ ಮರಿಯಾ ಈಲಿ 106 ವರ್ಷ ಬದುಕಿದರು. ಗಂಡಸರು ಯುದ್ಧದಿಂದ ಬಂದ ಮೇಲೆ ಆಟ ನಿಲ್ಲಿಸಬೇಕಾಯಿತು ಅನ್ನುವ ಬೇಸರ ಅವರಿಗೆ ಕೊನೆಯವರೆಗೂ ಇತ್ತು.

ಅಂದ್ರೆ ಹೆಂಗಸರು ಆಡಲು ಯಾವಾಗಲೂ ತಯಾರಿದ್ದರು. ಪ್ರತಿ ಸಲವೂ ಯಾರೋ ನಿಲ್ಲಿಸುತ್ತಿದ್ದರು.

ದಾವಣಗೆರೆ_ಡಿಫೆಂಡರ್
1921ರಲ್ಲಿ ಇಂಗ್ಲೆಂಡಿನಲ್ಲಿ ಹೆಂಗಸರ ಆಟಕ್ಕೆ ನಿಷೇಧವನ್ನೇ ಹಾಕಿದರು. ಐವತ್ತು ವರ್ಷ ಹಾಗೇ ಇತ್ತು. ಅದಕ್ಕೇ ರಗ್ಬಿ ಬೆಳೆಯಲಿಲ್ಲ.

ಹಳೇ_ಪೇಪರ್
@ದಾವಣಗೆರೆ_ಡಿಫೆಂಡರ್ ಅದು ಫುಟ್‌ಬಾಲ್ ಸರ್. 1921ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಮಂಡಳಿ ತನ್ನ ಕ್ಲಬ್ಬುಗಳ ಮೈದಾನ ಹೆಂಗಸರಿಗೆ ಕೊಡಬಾರದು ಅಂದಿದ್ದು. ರಗ್ಬಿಯಲ್ಲಿ ಆ ಥರ ಲಿಖಿತ ನಿಷೇಧ ಬೇಕಾಗಲೇ ಇಲ್ಲ. ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಅಷ್ಟೇ. ನಿಷೇಧ ಇದ್ದರೆ ಅದರ ವಿರುದ್ಧ ಹೋರಾಡಬಹುದು. ನೀವು ಇದ್ದೀರಿ ಅಂತಲೇ ಒಪ್ಪದವರ ವಿರುದ್ಧ ಹೋರಾಡುವುದು ಇನ್ನೂ ಕಷ್ಟ.

ಮತ್ತೆ ಶುರುವಾಗಿದ್ದು ವಿಶ್ವವಿದ್ಯಾಲಯಗಳಿಂದ. ಫ್ರಾನ್ಸಿನಲ್ಲಿ ಅರವತ್ತರ ದಶಕದಲ್ಲಿ, ಅಮೆರಿಕ, ಇಂಗ್ಲೆಂಡಿನಲ್ಲಿ ಎಪ್ಪತ್ತರಲ್ಲಿ. ಮೊದಲ ಅಂತರರಾಷ್ಟ್ರೀಯ ಪಂದ್ಯ 1982ರ ಜೂನ್ 13, ಉಟ್ರೆಕ್ಟ್, ನೆದರ್‌ಲ್ಯಾಂಡ್ಸ್ ವಿರುದ್ಧ ಫ್ರಾನ್ಸ್. ಫ್ರಾನ್ಸ್ 4-0. ಆಗ ಒಂದು ಟ್ರೈಗೆ ನಾಲ್ಕೇ ಪಾಯಿಂಟ್.

ಮಳೆಬಿಲ್ಲು_ಶಿರಸಿ
ಇದೇ ಬೇಕಿತ್ತು ನನಗೆ. 1991ರ ಬಗ್ಗೆ ಯಾರಾದರೂ ವಿವರವಾಗಿ ಬರೆಯುತ್ತೀರಾ?

ರಿಚ್ಮಂಡ್_ರಸ್ತೆ_ಲಂಡನ್
ನಾನು ಬರೆಯುತ್ತೇನೆ, ಇಲ್ಲಿನ ಕ್ಲಬ್ಬಿನವರ ಬಾಯಿಂದ ಈ ಕಥೆ ಬೇಕಾದಷ್ಟು ಸಲ ಕೇಳಿದ್ದೇನೆ.

ಲಂಡನ್ನಿನ ರಿಚ್ಮಂಡ್ ಕ್ಲಬ್ಬಿನ ನಾಲ್ಕು ಹೆಂಗಸರು: ಡೆಬೊರಾ ಗ್ರಿಫಿನ್, ಸೂ ಡೊರಿಂಗ್ಟನ್, ಆಲಿಸ್ ಕೂಪರ್, ಮೇರಿ ಫೋರ್ಸೈತ್. ನಾಲ್ವರಿಗೂ ಬೇರೆ ಕೆಲಸ ಇತ್ತು. ಗಂಡಸರಿಗೆ 1987ರಲ್ಲಿ ವಿಶ್ವಕಪ್ ಆಗಿತ್ತು, ನಮಗ್ಯಾಕೆ ಇಲ್ಲ ಅಂತ ಕೂತು ಯೋಚಿಸಿ ತಾವೇ ನಡೆಸಲು ಹೊರಟರು. ಅಂತರರಾಷ್ಟ್ರೀಯ ಮಂಡಳಿ ಮಾನ್ಯತೆ ಕೊಡಲಿಲ್ಲ. ದೊಡ್ಡ ಪ್ರಾಯೋಜಕರು ಸಿಗಲಿಲ್ಲ. ಗ್ರಿಫಿನ್ ಅವರಿಗೆ ಆಗ ಕೈಗೂಸು. ಇಮೇಲ್ ಇಲ್ಲ, ಎಲ್ಲ ಪತ್ರ ಮತ್ತು ಫ್ಯಾಕ್ಸ್. ಹೀಗೆ 12 ದೇಶಗಳನ್ನು ವೇಲ್ಸ್‌ಗೆ ಕರೆಸಿದರು. ಸೂ ಡೊರಿಂಗ್ಟನ್ ಸಂಘಟಕಿಯೂ ಹೌದು, ಇಂಗ್ಲೆಂಡ್ ತಂಡದ ಹುಕ್ಕರ್ ಕೂಡ ಹೌದು. ಒಂದು ಕಡೆ ಕಚೇರಿ ಕೆಲಸ, ಇನ್ನೊಂದು ಕಡೆ ತಂಡಗಳ ಊಟ ವಸತಿ ಚಿಂತೆ, ಅದರ ಮಧ್ಯೆ ಸ್ಕ್ರಮ್ಮಿನ, ಅಂದ್ರೆ ಎರಡೂ ತಂಡದವರು ತಲೆ ಬಗ್ಗಿಸಿ ಒಬ್ಬರನ್ನೊಬ್ಬರು ತಳ್ಳುವ ಗುಂಪಿನ, ನಡುವೆ ನಿಲ್ಲಬೇಕು.

ಸೋವಿಯತ್ ಒಕ್ಕೂಟದ ತಂಡ ಬಂದಿದ್ದು ಖಾಲಿ ಕೈಯಲ್ಲಿ. ಅವರ ದೇಶದಿಂದ ವಿದೇಶಿ ಹಣ ಹೊರಗೆ ತರುವ ಹಾಗಿರಲಿಲ್ಲ. ಹಾಗಾಗಿ ವೋಡ್ಕಾ, ಕ್ಯಾವಿಯರ್, ಮರದ ಗೊಂಬೆ ತಂದು ಕಾರ್ಡಿಫ್‌ನಲ್ಲಿ ಮಾರಲು ನಿಂತರು. ಕಸ್ಟಮ್ಸ್‌ನವರು ಬಂದರು. ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಊರಿನ ಜನ, ಅಂಗಡಿಯವರು ಊಟ ಕೊಟ್ಟು ನೋಡಿಕೊಂಡರು. ನನಗೆ ಈ ಭಾಗ ಕೇಳಿದಾಗಲೆಲ್ಲ ಕಣ್ಣು ತುಂಬುತ್ತದೆ. ಅಷ್ಟು ಕಷ್ಟದಲ್ಲೂ ಬಂದರಲ್ಲ ಆ ಹುಡುಗಿಯರು.

ಏಪ್ರಿಲ್ 14ರಂದು ಫೈನಲ್, ಅದೇ ಕಾರ್ಡಿಫ್ ಆರ್ಮ್ಸ್ ಪಾರ್ಕಿನಲ್ಲಿ. ಅಮೆರಿಕ 19, ಇಂಗ್ಲೆಂಡ್ 6. ಮೊದಲ ಕಪ್ ಅಮೆರಿಕಕ್ಕೆ. ಟೂರ್ನಿ ಮುಗಿದಾಗ ಸಂಘಟಕರ ತಲೆ ಮೇಲೆ ಸಾಲ ಉಳಿದಿತ್ತು.

ಇನ್ನೊಂದು ವಿಷಯ. ಅದೇ ಡೆಬೊರಾ ಗ್ರಿಫಿನ್ 2025ರಲ್ಲಿ ಇಂಗ್ಲೆಂಡ್ ರಗ್ಬಿ ಮಂಡಳಿಯ ಅಧ್ಯಕ್ಷೆಯಾದರು. ಆ ಕುರ್ಚಿಗೆ ಬಂದ ಮೊದಲ ಮಹಿಳೆ.

ಹುಬ್ಬಳ್ಳಿ_ಮಂದಿ
ಇದು ಗೊತ್ತೇ ಇರಲಿಲ್ಲ. ಇಂಥಾದ್ದನ್ನ ನಮ್ಮ ಪೇಪರ್‌ನವರು ಯಾಕ ಬರೆಯಂಗಿಲ್ಲ?

ಲೆಕ್ಕದ_ಮನುಷ್ಯ
ಓದಿ ಗೌರವ ಹೆಚ್ಚಾಯಿತು. ಆದರೆ ನನ್ನ ವಾದ ಬಿಡುವುದಿಲ್ಲ. ಹಟದಿಂದ ಒಂದು ಟೂರ್ನಿ ನಡೆಸಬಹುದು. ಮುಂದಿನದಕ್ಕೆ ಏನಾಯಿತು ಅಂತಲೂ ಹೇಳಿ. 1994ರದ್ದು ನೆದರ್‌ಲ್ಯಾಂಡ್ಸ್‌ನಲ್ಲಿ ಆಗಬೇಕಿತ್ತು. ಅಂತರರಾಷ್ಟ್ರೀಯ ಮಂಡಳಿಯ ಮಾನ್ಯತೆ ಸಿಗದೆ ಡಚ್ಚರು ಕೊನೆ ತಿಂಗಳುಗಳಲ್ಲಿ ಹಿಂದೆ ಸರಿದರು. ಮಂಡಳಿ ಬೆನ್ನಿಗಿಲ್ಲದಿದ್ದರೆ ಹೀಗೇ ಆಗುವುದು.

ರಿಚ್ಮಂಡ್_ರಸ್ತೆ_ಲಂಡನ್
@ಲೆಕ್ಕದ_ಮನುಷ್ಯ ಆಮೇಲೆ ಯಾರು ಉಳಿಸಿದರು ಹೇಳಿ? ಸ್ಕಾಟ್ಲೆಂಡಿನ ಆಟಗಾರ್ತಿಯರು. ಕೆಲವೇ ತಿಂಗಳಲ್ಲಿ ತಮ್ಮ ದೇಶದಲ್ಲಿ ನಡೆಸಿಬಿಟ್ಟರು. ನ್ಯೂಜಿಲೆಂಡ್ ಬರಲಿಲ್ಲ, ತಂಡ ಕಮ್ಮಿ ಬಿತ್ತು, ಸ್ಕಾಟ್ಲೆಂಡಿನ ವಿದ್ಯಾರ್ಥಿನಿಯರ ಒಂದು ತಂಡ ಸೇರಿಸಿ 12 ಮಾಡಿದರು. ಫೈನಲ್ ಎಡಿನ್‌ಬರೋದಲ್ಲಿ, ಇಂಗ್ಲೆಂಡ್ 38, ಅಮೆರಿಕ 23. ಮಂಡಳಿ ಅಧಿಕೃತವಾಗಿ ನಡೆಸಿದ್ದು 1998ರ ಆಮ್‌ಸ್ಟರ್‌ಡ್ಯಾಮ್‌ನಿಂದ. ಮೊದಲ ಎರಡನ್ನು ಹೆಂಗಸರೇ ನಡೆಸಿರದಿದ್ದರೆ ಮೂರನೆಯದನ್ನು ನಡೆಸಲು ಮಂಡಳಿಗೆ ಏನಿರುತ್ತಿತ್ತು?

ಮಂಡಳಿಯ ದುಡ್ಡಿನ ಬಗ್ಗೆ ಇನ್ನೂ ಒಂದು ಹೇಳಬೇಕು. 2019ರ 28 ಒಪ್ಪಂದ ಎಲ್ಲರಿಗೂ ನೆನಪಿದೆ. 2017ರದ್ದು? ಆ ವರ್ಷದ ವಿಶ್ವಕಪ್ ಹೊಸ್ತಿಲಲ್ಲೇ, ಕಪ್ ಮುಗಿದ ಮೇಲೆ ಹದಿನೈದು ಜನರ ಆಟದ ತಂಡದ ಒಪ್ಪಂದ ಮುಂದುವರಿಸುವುದಿಲ್ಲ, ಏಳು ಜನರ ಸೆವೆನ್ಸ್ ಆಟದ ಕಡೆ ಗಮನ ಕೊಡುತ್ತೇವೆ ಅಂತ ಇದೇ ಇಂಗ್ಲೆಂಡ್ ಮಂಡಳಿ ಹೇಳಿತ್ತು. 2014ರಲ್ಲಿ ಕಪ್ ಗೆದ್ದು ತಂದ ತಂಡಕ್ಕೆ! ಜನ ಸಿಟ್ಟಾದರು, ಆಟಗಾರ್ತಿಯರು ಬೆಲ್‌ಫಾಸ್ಟ್ ಫೈನಲ್‌ವರೆಗೂ ಹೋದರು, ನ್ಯೂಜಿಲೆಂಡ್ ಎದುರು 41-32ರಿಂದ ಸೋತರು. ದುಡ್ಡು ತಾನಾಗಿ ಬರಲಿಲ್ಲ. ಕೇಳಿ, ಆಡಿ ತೋರಿಸಿ, ಮತ್ತೆ ಕೇಳಿ ಪಡೆದಿದ್ದು.

ಟೊರೊಂಟೊ_ತುಮಕೂರು
ಈ ಚರ್ಚೆಯಲ್ಲಿ ಕೆನಡಾದ ಹೆಸರು ಬರೀ ಸೋತವರು ಅಂತ ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಇಲ್ಲಿನ ತಂಡಕ್ಕೆ ವಿಶ್ವಕಪ್ ತಯಾರಿಗೆ ದುಡ್ಡು ಸಾಲದೆ ಜನರ ಹತ್ತಿರ ದೇಣಿಗೆ ಎತ್ತಿದರು, ಗುರಿ 10 ಲಕ್ಷ ಕೆನಡಾ ಡಾಲರ್. ಆ ತಂಡ ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡನ್ನು 34-19ರಿಂದ ಸೋಲಿಸಿತು. ಆರು ಕಪ್ ಗೆದ್ದವರನ್ನು!

ಸೋಫಿ ಡಿ ಗೂಡ್ ಅವರ ಬಗ್ಗೆ ಗೊತ್ತಾ? ಅವರ ಅಮ್ಮ ಸ್ಟೆಫನಿ ವೈಟ್ ಕೆನಡಾ ಮಹಿಳಾ ತಂಡದ ಮೊದಲ ನಾಯಕಿ. ಅಪ್ಪ ಹ್ಯಾನ್ಸ್ ಡಿ ಗೂಡ್ 1987ರ ಗಂಡಸರ ವಿಶ್ವಕಪ್‌ನಲ್ಲಿ ಕೆನಡಾ ನಾಯಕ. ಸೋಫಿ 2024ರಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು ಒಂದು ವರ್ಷಕ್ಕೂ ಜಾಸ್ತಿ ಹೊರಗಿದ್ದರು. ಕಪ್‌ಗೆ ಸ್ವಲ್ಪ ಮುಂಚೆ ವಾಪಸ್ ಬಂದು, ಆ ವರ್ಷ ಜಗತ್ತಿನ ಅತ್ಯುತ್ತಮ ಆಟಗಾರ್ತಿ ಪ್ರಶಸ್ತಿ ಪಡೆದರು.

ಲೆಕ್ಕದ_ಮನುಷ್ಯ
@ಟೊರೊಂಟೊ_ತುಮಕೂರು ದೇಣಿಗೆ ಎತ್ತಿದ ತಂಡ ಫೈನಲ್‌ಗೆ ಬಂತು, ಸಂಬಳದ ತಂಡ ಕಪ್ ಎತ್ತಿತು. ನನ್ನ ಮಾತೂ ಇದೇ ಅಲ್ವಾ? ಮತ್ತೆ 69-7, ದಕ್ಷಿಣ ಆಫ್ರಿಕಾ ಬ್ರೆಜಿಲ್ ಮೇಲೆ 66-6, ಇಂಥ ಸ್ಕೋರ್‌ಗಳ ಬಗ್ಗೆ ಯಾರೂ ಮಾತಾಡುತ್ತಿಲ್ಲ. 16 ತಂಡ ಮಾಡಿದ್ದು ಸರಿ, ಆದರೆ ನಾಲ್ಕೈದು ದೇಶ ಬಿಟ್ಟರೆ ಉಳಿದವರು ಎಲ್ಲಿದ್ದಾರೆ?

ಟೊರೊಂಟೊ_ತುಮಕೂರು
ದಕ್ಷಿಣ ಆಫ್ರಿಕಾ ಈ ಸಲ ಇಟಲಿಯನ್ನು 29-24ರಿಂದ ಸೋಲಿಸಿ ಮೊದಲ ಸಲ ಕ್ವಾರ್ಟರ್‌ಫೈನಲ್‌ಗೆ ಬಂತು. ಬ್ರೆಜಿಲ್‌ಗೆ ಇದೇ ಮೊದಲ ವಿಶ್ವಕಪ್. ಮೊದಲ ಸಲ ಬಂದವರು ಸೋಲುತ್ತಾರೆ. ಕರೆಯದೇ ಹೋದರೆ ಯಾವತ್ತೂ ಬೆಳೆಯುವುದಿಲ್ಲ. ಫಿಜಿ ನೋಡಿ. ಅಲ್ಲಿ ಎಷ್ಟೋ ಹುಡುಗಿಯರಿಗೆ ಮನೆಯಲ್ಲೇ ವಿರೋಧ ಇತ್ತು. ಟೋಕಿಯೊ ಒಲಿಂಪಿಕ್ಸ್ ಸೆವೆನ್ಸ್‌ನಲ್ಲಿ ಕಂಚು ತಂದರು, 2022ರಲ್ಲಿ ಆಸ್ಟ್ರೇಲಿಯಾದ ಸೂಪರ್ ಡಬ್ಲ್ಯೂ ಲೀಗ್‌ಗೆ ಸೇರಿದ ಮೊದಲ ವರ್ಷವೇ ಒಂದೂ ಪಂದ್ಯ ಸೋಲದೆ ಗೆದ್ದರು.

ಬಸವನಗುಡಿ_ಬೆಳಗು
ಸೆವೆನ್ಸ್ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ನಮ್ಮಂಥವರಿಗೆ ಈ ಆಟ ಪರಿಚಯ ಆಗಿದ್ದೇ 2016ರ ರಿಯೊ ಒಲಿಂಪಿಕ್ಸ್‌ನಿಂದ. ಏಳು ಜನ, ಏಳು ನಿಮಿಷದ ಎರಡು ಅವಧಿ, ನಿಯಮ ಪೂರ್ತಿ ಗೊತ್ತಿಲ್ಲದಿದ್ದರೂ ನೋಡಬಹುದು. ಆಸ್ಟ್ರೇಲಿಯಾಕ್ಕೆ ಮೊದಲ ಚಿನ್ನ, ಆಮೇಲಿನ ಎರಡೂ ನ್ಯೂಜಿಲೆಂಡಿಗೆ. ಪ್ಯಾರಿಸ್‌ನಲ್ಲಿ ಅಮೆರಿಕ ಕಂಚು ಗೆದ್ದಿದ್ದು ನೆನಪಿದೆಯಾ? ಸಮಯ ಮುಗಿಯುವ ಹೊತ್ತಿಗೆ ಅಲೆಕ್ಸ್ ಸೆಡ್ರಿಕ್ ತಮ್ಮ ಗೆರೆಯ ಹತ್ತಿರದಿಂದ ಓಡಿ ಇಡೀ ಮೈದಾನ ದಾಟಿ ಟ್ರೈ ಹೊಡೆದರು, 14-12. ಇಲೋನಾ ಮಾಹರ್ ಇದ್ದ ತಂಡ. ಅವರ ವಿಡಿಯೊ ನೋಡಿ ಆಟಕ್ಕೆ ಬಂದ ಹುಡುಗಿಯರು ಎಷ್ಟೋ. ಇದಕ್ಕೆ ಯಾವ ಮಂಡಳಿ ದುಡ್ಡು ಕೊಟ್ಟಿತ್ತು?

ಫಿಸಿಯೋ_ಮೈಸೂರು
ಎಲ್ಲರೂ ಗೆಲುವು ದುಡ್ಡು ಅಂತಿದ್ದೀರಿ, ಮೈಯ ಬಗ್ಗೆ ಯಾರೂ ಬರೆದಿಲ್ಲ. ಮೊಣಕಾಲಿನ ಲಿಗಮೆಂಟ್ ಹರಿಯುವುದು ಹೆಂಗಸರಲ್ಲಿ ಗಂಡಸರಿಗಿಂತ ಜಾಸ್ತಿ. ತಲೆಗೆ ಪೆಟ್ಟಿನ ಅಧ್ಯಯನಗಳು ಎಷ್ಟೋ ವರ್ಷ ಗಂಡಸರ ಮೇಲೇ ನಡೆದವು. ಈ ವಿಶ್ವಕಪ್‌ನಲ್ಲಿ ಹಲ್ಲಿಗೆ ಹಾಕಿಕೊಳ್ಳುವ ಹೊಸ ಮೌತ್‌ಗಾರ್ಡ್ ಬಂದಿತ್ತಲ್ಲ, ತಲೆಗೆ ಜೋರು ಹೊಡೆತ ಬಿದ್ದರೆ ಕೆಂಪು ದೀಪ ಮಿನುಗುತ್ತದೆ, ರೆಫರಿ ನೋಡಿ ಆಟಗಾರ್ತಿಯನ್ನು ತಪಾಸಣೆಗೆ ಕಳಿಸುತ್ತಾರೆ. ಒಳ್ಳೆಯ ಬೆಳವಣಿಗೆ. ಆಟಗಾರ್ತಿ ತಾನು ಸರಿ ಇದ್ದೇನೆ ಅಂತ ಹೇಳಿ ಮುಂದುವರಿಯುವ ಅಪಾಯ ಕಮ್ಮಿಯಾಗುತ್ತದೆ.

2023ರಲ್ಲಿ ಐರ್ಲೆಂಡ್ ಹೆಂಗಸರ ತಂಡ ಬಿಳಿ ಚಡ್ಡಿ ಬಿಟ್ಟು ಕಡುನೀಲಿ ಚಡ್ಡಿಗೆ ಹೋಯಿತು. ಮುಟ್ಟಿನ ದಿನಗಳಲ್ಲಿ ಬಿಳಿ ಬಟ್ಟೆ ಹಾಕಿ ಸಾವಿರಾರು ಜನರ ಮುಂದೆ, ಟಿವಿ ಮುಂದೆ ಆಡುವ ಆತಂಕ ಎಷ್ಟಿರುತ್ತದೆ ಅಂತ ಆಟಗಾರ್ತಿಯರೇ ಹೇಳಿದ ಮೇಲೆ ಆಗಿದ್ದು ಇದು. ಖರ್ಚಿಲ್ಲದ ಬದಲಾವಣೆ, ಆದರೂ 2023ರವರೆಗೆ ಕಾಯಬೇಕಾಯಿತು.

ಅರಸೀಕೆರೆ_ಅತ್ತಿಗೆ
ಶಾಲೆಯಲ್ಲಿ ಖೋಖೋ ಆಡುವಾಗ ನಮಗೂ ಬಿಳಿ ಯೂನಿಫಾರ್ಮ್ ಇತ್ತು. ಆ ದಿನಗಳಲ್ಲಿ ಏನೋ ನೆಪ ಹೇಳಿ ಕೂತುಬಿಡುತ್ತಿದ್ದೆವು. ಮೇಷ್ಟ್ರಿಗೆ ಹೇಳುವುದು ಹೇಗೆ? ಇದನ್ನು ಇಲ್ಲಿ ಬರೆದಿದ್ದಕ್ಕೆ ಥ್ಯಾಂಕ್ಸ್ ಫಿಸಿಯೋ ಅವರೇ.

ಭುವನೇಶ್ವರ_ಕನ್ನಡಿಗ
ನಮ್ಮ ದೇಶದ ಬಗ್ಗೆ ಒಬ್ಬರೂ ಬರೆಯಲಿಲ್ಲವಲ್ಲ! ಕೆಲಸದ ಮೇಲೆ ಒಡಿಶಾದಲ್ಲಿದ್ದೇನೆ. ಇಲ್ಲಿ ಆದಿವಾಸಿ ಮಕ್ಕಳಿಗಾಗಿ ಇರುವ ಕಳಿಂಗ ಸಂಸ್ಥೆಯ ಹುಡುಗಿಯರು ರಗ್ಬಿಯಲ್ಲಿ ತುಂಬಾ ಮುಂದಿದ್ದಾರೆ. ಭಾರತದ ಹೆಂಗಸರು ಹದಿನೈದರ ಆಟದಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು 2018ರಲ್ಲಿ. ಒಂದೇ ವರ್ಷಕ್ಕೆ, 2019ರ ಜೂನ್‌ನಲ್ಲಿ ಮನಿಲಾದಲ್ಲಿ ಸಿಂಗಾಪುರವನ್ನು 21-19ರಿಂದ ಸೋಲಿಸಿದರು. ಗೆಲುವು ತಂದ ಪೆನಾಲ್ಟಿ ಒದ್ದಿದ್ದು ಸುಮಿತ್ರಾ ನಾಯಕ್, ಇಲ್ಲಿಯ ಹುಡುಗಿ. ಆಗ ಹತ್ತೊಂಬತ್ತರ ಆಸುಪಾಸು. ನಾಯಕಿ ಪುಣೆಯ ವಾಹ್‌ಬಿಜ್ ಭರೂಚಾ, ವೃತ್ತಿಯಲ್ಲಿ ಫಿಸಿಯೊಥೆರಪಿಸ್ಟ್.

ಬಿಹಾರದ ಬಾಢ್‌ನಿಂದ ಬಂದ ಸ್ವೀಟಿ ಕುಮಾರಿ ಮೊದಲು ಓಟಗಾರ್ತಿ, ಆಮೇಲೆ ರಗ್ಬಿ. ಅವರ ವೇಗ ಏಷ್ಯಾದ ತಂಡಗಳಿಗೆಲ್ಲ ಗೊತ್ತು. ಪಶ್ಚಿಮ ಬಂಗಾಳದ ಸರಸ್ವತೀಪುರ ಟೀ ಎಸ್ಟೇಟಿನಲ್ಲಿ ಎಲೆ ಕೀಳುವವರ ಮನೆಯ ಹುಡುಗಿಯರು ಆಡಿ ಭಾರತ ತಂಡದವರೆಗೂ ಬಂದಿದ್ದಾರೆ. ಈ ಹುಡುಗಿಯರು ಯಾರೂ ದೊಡ್ಡ ಕ್ಲಬ್ಬುಗಳಿಂದ ಬಂದವರಲ್ಲ.

ಫೈನಲ್‌ಗೆ 81,885 ಜನ ಬಂದಿದ್ದು ಸಂತೋಷ. ಆದರೆ ಅದನ್ನು ಬರೆಯುವಷ್ಟೇ ಹೆಮ್ಮೆಯಿಂದ ನಾವು ಮನಿಲಾದ 21-19 ಬರೆಯಬೇಕು.

ಲೆಕ್ಕದ_ಮನುಷ್ಯ
@ಭುವನೇಶ್ವರ_ಕನ್ನಡಿಗ ಮತ್ತೆ 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಜಪಾನ್, ಹಾಂಗ್‌ಕಾಂಗ್ ಎದುರು ನಾವು ಒಂದು ಪಾಯಿಂಟ್ ಕೂಡ ಗಳಿಸಲಿಲ್ಲ. ಅವರ ಹಟ ಕಮ್ಮಿಯಾಗಿತ್ತೇ? ಇಲ್ಲ. ಜಪಾನಿನ ಹುಡುಗಿಯರಿಗೆ ಸಿಗುವ ಮೈದಾನ, ಕೋಚ್, ವರ್ಷವಿಡೀ ಪಂದ್ಯ ನಮ್ಮವರಿಗಿಲ್ಲ. ಅದಕ್ಕೇ ದುಡ್ಡು ಮುಖ್ಯ ಅಂತ ಕೂಗುತ್ತಿರುವುದು. 2025ರಲ್ಲಿ ಮುಂಬೈನಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಶುರುವಾಯಿತು, ಆರು ತಂಡ, ನಮ್ಮ ಬೆಂಗಳೂರಿನ ಹೆಸರಿನದೂ ಒಂದಿತ್ತು. ಮೊದಲ ಸೀಸನ್ ಪೂರ್ತಿ ಗಂಡಸರದು. ಸುಮಿತ್ರಾ ನಾಯಕ್ ಥರದ ಹುಡುಗಿಯರಿಗೆ ಅಂಥದ್ದೊಂದು ಬೇಕು. ಆಟಗಾರ್ತಿಯರನ್ನು ಹೊಗಳಿ ಸುಮ್ನೆ ಕೂರುವುದು ನ್ಯಾಯವಲ್ಲ.

ಮಳೆಬಿಲ್ಲು_ಶಿರಸಿ
@ಲೆಕ್ಕದ_ಮನುಷ್ಯ ಇಲ್ಲಿ ನಿಮಗೂ ನನಗೂ ಜಗಳವೇ ಇಲ್ಲ ಸರ್. ದುಡ್ಡು ಬೇಕು. ನನ್ನ ತಕರಾರು, ದುಡ್ಡು ಬಂದ ಮೇಲೆ ಇತಿಹಾಸವನ್ನು ದುಡ್ಡು ಕೊಟ್ಟವರಿಂದ ಶುರು ಮಾಡುತ್ತಾರಲ್ಲ, ಅದರ ಮೇಲೆ.

ಕಾರ್ಕಳ_ಕಬಡ್ಡಿ
ಭುವನೇಶ್ವರದವರು ಬರೆದಿದ್ದು ಓದಿ ನನಗೆ ಒಂದು ಆಸೆ ಹುಟ್ಟಿತು. ನಮ್ಮ ಕಡೆ ಕಬಡ್ಡಿ ಆಡುವ ಹುಡುಗಿಯರು ಬೇಕಾದಷ್ಟಿದ್ದಾರೆ. ಮಮತಾ ಪೂಜಾರಿ ನಮ್ಮ ತಾಲ್ಲೂಕಿನವರೇ, ಅರ್ಜುನ ಪ್ರಶಸ್ತಿ ಬಂದಾಗ ಊರೇ ಹಬ್ಬ ಮಾಡಿತು. ಅಂಥ ಕಡೆ ರಗ್ಬಿ ಹೇಳಿಕೊಟ್ಟರೆ ಟ್ಯಾಕಲ್‌ಗೆ ಹೆದರುವವರು ಯಾರೂ ಇಲ್ಲ.

ಟೈನ್_ದಂಡೆ
@ಕಾರ್ಕಳ_ಕಬಡ್ಡಿ ಒಳ್ಳೆಯ ಯೋಚನೆ, ಆದರೆ ಕಬಡ್ಡಿ ಹಿಡಿತ ಹಾಗೇ ಇಲ್ಲಿಗೆ ಬರುವುದಿಲ್ಲ. ಮೂರು ಜನ ಸೇರಿ ಸರಪಳಿ ಮಾಡಿ ಹಿಡಿಯುವುದು ಬೇರೆ. ಇಲ್ಲಿ ಎದುರಿನಿಂದ ಓಡಿ ಬರುವವಳನ್ನು ಒಬ್ಬಳೇ ತೋಳಿನಿಂದ ಸುತ್ತಿ ಕೆಡವಬೇಕು. ಭುಜಕ್ಕಿಂತ ಮೇಲೆ ಮುಟ್ಟಿದರೆ ಪೆನಾಲ್ಟಿ. ಇಂಗ್ಲೆಂಡಿನ ಊರಿನ ಕ್ಲಬ್ಬುಗಳಲ್ಲಿ 2023ರಿಂದ ಇನ್ನೂ ಕೆಳಗೆ, ಎದೆಮೂಳೆಯ ಬುಡಕ್ಕಿಂತ ಕೆಳಗೇ ಹಿಡಿಯಬೇಕು ಅಂತ ಮಾಡಿದ್ದಾರೆ. ಕೆಡವಿದವಳ ತಲೆ ಎಲ್ಲಿರಬೇಕು ಅಂತ ಮೊದಲು ಕಲಿಸುತ್ತಾರೆ. ಅದನ್ನು ಬಲ್ಲ ಕೋಚ್ ಇಲ್ಲದೆ ಟ್ಯಾಕಲ್ ಶುರು ಮಾಡಬೇಡಿ.

ಫಿಸಿಯೋ_ಮೈಸೂರು
ಈ ಮಾತಿಗೆ ನನ್ನದೂ ಸೇರಿಸಿಕೊಳ್ಳಿ. ಕತ್ತು, ಸೊಂಟ, ತೊಡೆ ಬಲವಾದ ಮೇಲೆ ಟ್ಯಾಕಲ್. ಆತುರ ಬೇಡ.

ಹೆಸರು_ಬೇಡ_ಬೆಂಗಳೂರು
ಕಾಲೇಜಿನಲ್ಲಿ ಹುಡುಗಿಯರೆಲ್ಲ ಸೇರಿ ರಗ್ಬಿ ತಂಡ ಮಾಡಲು ಹೋಗಿದ್ದೆವು. ಸಂಜೆ ಮೈದಾನ ಹುಡುಗರ ಕ್ರಿಕೆಟ್‌ಗೆ ಅಂತ ಹೇಳಿದರು. ಬೆಳಿಗ್ಗೆ ಬರುತ್ತೇವೆ ಅಂದೆವು, ಗೇಟ್ ತೆಗೆಯುವುದಿಲ್ಲ ಅಂದರು. ಪಾರ್ಕಿನಲ್ಲಿ ಆಡಿದೆವು, ಅಲ್ಲಿಂದಲೂ ಕಳಿಸಿದರು. ಕೆಲವರ ಮನೆಯಲ್ಲಿ ಮುಖಕ್ಕೆ ಗಾಯ ಆದರೆ ಮದುವೆ ಹೇಗೆ ಅಂತ ಕೇಳಿದರು. ಹಳೇ_ಪೇಪರ್ ಅವರು ಬರೆದ 1891ರ ಕಥೆ ನನಗೆ ಹಳೆಯದು ಅನಿಸಲೇ ಇಲ್ಲ.

ಅರಸೀಕೆರೆ_ಅತ್ತಿಗೆ
ಈಗಲೂ ಆಡ್ತೀಯೇನಮ್ಮ?

ಹೆಸರು_ಬೇಡ_ಬೆಂಗಳೂರು
ಆಡ್ತೀನಿ ಅಕ್ಕ. ಭಾನುವಾರ ಬೆಳಿಗ್ಗೆ ಟಚ್ ರಗ್ಬಿ, ಗಂಡಸರು ಹೆಂಗಸರು ಸೇರಿ. ಟ್ಯಾಕಲ್ ಇಲ್ಲ, ಮುಟ್ಟಿದರೆ ಸಾಕು. ಹದಿನೈದರ ಆಟ ಆಡುವ ಆಸೆ ಇನ್ನೂ ಇದೆ.

ಕಾರ್ಕಳ_ಕಬಡ್ಡಿ
@ಟೈನ್_ದಂಡೆ ಹಾಗಾದ್ರೆ ಟ್ಯಾಕಲ್ ಇಲ್ಲದೆ ಶಾಲೆ ಮಕ್ಕಳಿಗೆ ಹೇಗೆ ಶುರು ಮಾಡುವುದು? ನಾನು ದೈಹಿಕ ಶಿಕ್ಷಕ, ಗಂಭೀರವಾಗಿ ಕೇಳುತ್ತಿದ್ದೇನೆ. ಹೈಸ್ಕೂಲಿನಲ್ಲಿ ಇಪ್ಪತ್ತು ಹುಡುಗಿಯರು ಸಿಗುತ್ತಾರೆ, ಮೈದಾನ ಸಣ್ಣದು.

ಟೈನ್_ದಂಡೆ
@ಕಾರ್ಕಳ_ಕಬಡ್ಡಿ ಸರ್, ಟ್ಯಾಗ್ ರಗ್ಬಿ ಮಾಡಿಸಿ. ನನ್ನ ಮಗಳೂ ಅದರಿಂದಲೇ ಶುರು ಮಾಡಿದ್ದು. ಸೊಂಟದ ಎರಡೂ ಬದಿಗೆ ಒಂದೊಂದು ಬಟ್ಟೆಯ ಪಟ್ಟಿ ಸಿಕ್ಕಿಸಬೇಕು. ಚೆಂಡು ಹಿಡಿದವಳ ಪಟ್ಟಿ ಎಳೆದರೆ ಟ್ಯಾಕಲ್ ಆದ ಹಾಗೆ, ಅವಳು ತಕ್ಷಣ ಪಾಸ್ ಮಾಡಬೇಕು. ಅಂಗಡಿ ಸಾಮಾನು ಬೇಡ, ಹಳೇ ಬಟ್ಟೆ ಸೀಳಿದರೂ ಆಗುತ್ತದೆ. ಪಟ್ಟಿಯನ್ನು ಗಂಟು ಹಾಕಬಾರದು, ಎಳೆದರೆ ಬಂದುಬಿಡಬೇಕು. ಐದೈದು ಜನರ ನಾಲ್ಕು ತಂಡ ಮಾಡಿ, ಸಣ್ಣ ಮೈದಾನವೇ ಸರಿ. ಮೊದಲ ವಾರ ಒಂದೇ ನಿಯಮ ಹೇಳಿಕೊಡಿ: ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ, ಹಿಂದಕ್ಕೇ ಕೊಡಬೇಕು. ಅದು ಮೈಗೆ ಹತ್ತುವುದಕ್ಕೇ ಮಕ್ಕಳಿಗೆ ಸಮಯ ಬೇಕು.

ಕಾರ್ಕಳ_ಕಬಡ್ಡಿ
ಆಯ್ತು ಸರ್, ಪರೀಕ್ಷೆ ಮುಗಿದ ಮೇಲೆ ಶುರು ಮಾಡುತ್ತೇನೆ. ಚೆಂಡು ಎಷ್ಟನೇ ಸೈಜ್ ತರಬೇಕು?

ಟೈನ್_ದಂಡೆ
ಹೈಸ್ಕೂಲಿನವರಿಗೆ 4. ಇನ್ನೂ ಚಿಕ್ಕವರಿದ್ದರೆ 3. ದೊಡ್ಡವರು ಆಡುವುದು 5.

ದಾವಣಗೆರೆ_ಡಿಫೆಂಡರ್
ಮುಂದಿನ ವಿಶ್ವಕಪ್ ಯಾವಾಗ, ಎಲ್ಲಿ?

ಆಕ್ಲೆಂಡ್_ಅಣ್ಣ
2029, ಆಸ್ಟ್ರೇಲಿಯಾ. ಅದಾದ ಮೇಲೆ 2033 ಅಮೆರಿಕ. ಆಸ್ಟ್ರೇಲಿಯಾ ಆದ್ದರಿಂದ ನಿಮಗೆಲ್ಲ ಒಳ್ಳೆಯದು, ಅಲ್ಲಿ ಸಂಜೆ ಪಂದ್ಯ ಇಟ್ಟರೆ ನಮ್ಮ ಊರಲ್ಲಿ ಮಧ್ಯಾಹ್ನ. ನಿದ್ದೆಗೆಡದೆ ನೋಡಬಹುದು. ಬ್ಲ್ಯಾಕ್ ಫರ್ನ್ಸ್ ಕಪ್ ವಾಪಸ್ ತರುತ್ತಾರೆ, ಬೇಕಾದರೆ ಬರೆದಿಟ್ಟುಕೊಳ್ಳಿ.

ಟೊರೊಂಟೊ_ತುಮಕೂರು
ಕೆನಡಾ ಬಿಡಬೇಕಲ್ಲ ಅಣ್ಣ.